ಸೂಪರ್, ಎ, ಬಿ, ಸಿ: ಬೆಂಗಳೂರಿನ ಫುಟ್‌ಬಾಲ್ ಲೀಗ್ ನಡೆಯೋದು ಹೇಗೆ

ಪೇಪರ್‌ನ ಕ್ರೀಡಾ ಪುಟದಲ್ಲಿ ಕೆಳಗಡೆ ಮೂಲೇಲಿ ಒಂದ್ ನಾಲ್ಕು ಸಾಲು ಬರತ್ತೆ, ಅದೂ ಕ್ರಿಕೆಟ್ ಸುದ್ದಿ ಎಲ್ಲಾ ಆದ್ಮೇಲೆ ಜಾಗ ಉಳಿದಿದ್ರೆ. "ಸೂಪರ್ ಡಿವಿಷನ್ ಲೀಗ್: ಎಂಇಜಿಗೆ ಜಯ" ಅಂತ ಏನೋ ಇರತ್ತೆ. ನಮ್ಮ ಚಿಕ್ಕಪ್ಪನ ಮಗ ಬೆಂಗಳೂರು ಎಫ್‌ಸಿ, ಅಂದ್ರೆ ಬಿಎಫ್‌ಸಿ ಮ್ಯಾಚ್ ಒಂದನ್ನೂ ಬಿಡೋನಲ್ಲ, ಕಂಠೀರವದಲ್ಲಿ ವೆಸ್ಟ್ ಬ್ಲಾಕ್‌ನಲ್ಲಿ ನಿಂತು ಗಂಟಲು ಹರ್ಕೊಂಡು ಬರೋನು, ಅವನು ಮೊನ್ನೆ ಆ ನಾಲ್ಕು ಸಾಲು ತೋರಿಸಿ ಕೇಳಿದ, "ಅಣ್ಣಾ, ಇದ್ಯಾವ ಲೀಗು? ಎ ಡಿವಿಷನ್ ಅಂತ ಬೇರೆ ಇದೆಯಂತೆ, ಎ ಅಂದ್ರೆ ಮೊದಲನೇದು ಅಲ್ವಾ, ಮತ್ತೆ ಅದು ಎರಡನೇದು ಹೇಗಾಯ್ತು?"

ಒಳ್ಳೆ ಪ್ರಶ್ನೆ. ಹತ್ತು ವರ್ಷದಿಂದ ಫುಟ್‌ಬಾಲ್ ನೋಡ್ತಿರೋ ಹುಡುಗನಿಗೇ ಗೊತ್ತಿಲ್ಲ ಅಂದ್ರೆ ಬೇರೆಯವರಿಗೂ ಗೊತ್ತಿರಲ್ಲ, ಅದಕ್ಕೇ ಕೂತು ಬರೀತಿದೀನಿ.

ಮೊದಲು ಏಣಿ ಹೇಗಿದೆ ನೋಡೋಣ. ಬೆಂಗಳೂರು ಜಿಲ್ಲೆಯ ಲೀಗ್ ನಡೆಸೋದು ಕರ್ನಾಟಕ ರಾಜ್ಯ ಫುಟ್‌ಬಾಲ್ ಸಂಸ್ಥೆ, ಎಲ್ಲರೂ ಕೆಎಸ್‌ಎಫ್‌ಎ ಅಂತಾರೆ, ಅಶೋಕನಗರದಲ್ಲಿರೋ ಬೆಂಗಳೂರು ಫುಟ್‌ಬಾಲ್ ಸ್ಟೇಡಿಯಂನಲ್ಲೇ ಅವರ ಆಫೀಸು. ಲೀಗ್‌ಗೆ ಬಿಡಿಎಫ್‌ಎ ಲೀಗ್ ಅಂತಾನೂ ಹೆಸರು, ಬೆಂಗಳೂರು ಡಿಸ್ಟ್ರಿಕ್ಟ್ ಫುಟ್‌ಬಾಲ್ ಅಸೋಸಿಯೇಷನ್ ಅಂತ ಅದರ ಅರ್ಥ. ಮೆಟ್ಟಿಲು ನಾಲ್ಕು. ತುದೀಲಿ ಸೂಪರ್ ಡಿವಿಷನ್, ಅದರ ಕೆಳಗೆ ಎ, ಆಮೇಲೆ ಬಿ, ಎಲ್ಲಕ್ಕಿಂತ ಕೆಳಗೆ ಸಿ. ಅಂದ್ರೆ ಎ ಡಿವಿಷನ್ ಟೀಮು ಅಂದ್ರೆ ಎರಡನೇ ಮೆಟ್ಟಿಲಿನ ಟೀಮು, ಸಿ ಅಂದ್ರೆ ನಾಲ್ಕನೇ ಮೆಟ್ಟಿಲು. ಈ ಹೆಸರಿನ ಗೊಂದಲ ನಮ್ಮೂರಿಗೆ ಮಾತ್ರ ಇರೋದಲ್ಲ. ಕೋಲ್ಕತ್ತಾ ಲೀಗ್‌ನಲ್ಲೂ ಫಸ್ಟ್ ಡಿವಿಷನ್ ಮೇಲೆ ಪ್ರೀಮಿಯರ್ ಡಿವಿಷನ್ ಕೂತಿದೆ, ಇಂಗ್ಲೆಂಡ್‌ನಲ್ಲಿ 1992ರಲ್ಲಿ ಪ್ರೀಮಿಯರ್ ಲೀಗ್ ಬಂದ್ಮೇಲೆ ಎರಡನೇ ಮೆಟ್ಟಿಲಿಗೇ ಫಸ್ಟ್ ಡಿವಿಷನ್ ಅನ್ನೋ ಹೆಸರು ಬಂತು, 2004ರಲ್ಲಿ ಅದನ್ನ ಚಾಂಪಿಯನ್‌ಶಿಪ್ ಅಂತ ಬದಲಾಯಿಸೋ ತನಕ ಹಾಗೇ ನಡೀತು. ತುದಿಯಲ್ಲಿ ಹೊಸ ಮಹಡಿ ಕಟ್ಟಿದಾಗ ಕೆಳಗಿನ ಮಹಡಿಗಳ ಬೋರ್ಡು ಯಾರೂ ಬದಲಾಯಿಸಲ್ಲ, ಅಷ್ಟೇ ವಿಷಯ.

ಈಗ ಲೀಗ್ ಅಂದ್ರೇನು. ನಮ್ಮಲ್ಲಿ ಬಡಾವಣೆ ಟೂರ್ನಮೆಂಟ್ ಆಡಿದವರಿಗೆಲ್ಲಾ ನಾಕೌಟ್ ಗೊತ್ತು, ಸೋತ್ರೆ ಮನೆಗೆ. ಬೆಂಗಳೂರಿನ ಹಳೇ ಸ್ಟಾಫರ್ಡ್ ಕಪ್ ತರ ಕಪ್‌ಗಳೇ ಬೇರೆ, ಲೀಗೇ ಬೇರೆ. ಲೀಗ್‌ನಲ್ಲಿ ನಿಮ್ಮ ಡಿವಿಷನ್‌ನಲ್ಲಿರೋ ಪ್ರತಿ ಟೀಮ್ ಜೊತೆಗೂ ಆಡ್ಬೇಕು, ಒಂದು ದಿನ ಕೆಟ್ಟರೂ ಸೀಸನ್ ಕೆಡಲ್ಲ, ಹಾಗೇ ಒಂದೇ ದಿನ ಅದೃಷ್ಟ ಕೈ ಹಿಡಿದ್ರೆ ಕಪ್ಪೂ ಬರಲ್ಲ, ತಿಂಗಳುಗಟ್ಟಲೆ ಚೆನ್ನಾಗಿ ಆಡಿದವರೇ ಮೇಲೆ ಬರ್ತಾರೆ. ನನ್ನ ಪ್ರಕಾರ ಒಂದೂರಿನ ಫುಟ್‌ಬಾಲ್ ಎಷ್ಟು ಗಟ್ಟಿ ಅಂತ ತಿಳ್ಕೋಬೇಕಂದ್ರೆ ಅಲ್ಲಿನ ಕಪ್ ನೋಡ್ಬಾರ್ದು, ಲೀಗ್ ನೋಡ್ಬೇಕು.

ಆದ್ರೆ ಲೀಗ್‌ಗೆ ಜಾಗ ಬೇಕು, ದಿನ ಬೇಕು, ಇಲ್ಲೇ ಡಿವಿಷನ್‌ಗಳ ಅಗತ್ಯ ಹುಟ್ಟೋದು. ಲೆಕ್ಕ ಮಾಡಿ ನೋಡಿ. ಒಂದು ಡಿವಿಷನ್‌ನಲ್ಲಿ 16 ಟೀಮ್ ಇದೆ ಅಂದ್ಕೊಳ್ಳಿ, ಪ್ರತಿಯೊಂದೂ ಉಳಿದ 15ರ ಜೊತೆ ಒಂದೊಂದ್ಸಲ ಆಡಿದ್ರೆ ಒಟ್ಟು 120 ಮ್ಯಾಚು. ಮನೇಲೊಂದು ಹೊರಗೊಂದು ಅಂತ ಎರಡೆರಡು ಸಲ ಆಡಿದ್ರೆ 240. ಇಲ್ಲಿ ಕ್ಲಬ್‌ಗಳಿಗೆ ಸ್ವಂತ ಗ್ರೌಂಡ್ ಎಲ್ಲಿ ಬರ್ಬೇಕು, ಸೂಪರ್ ಡಿವಿಷನ್‌ನ ಎಲ್ಲರಿಗೂ ಮನೆ ಅಂದ್ರೆ ಅದೇ ಅಶೋಕನಗರದ ಸ್ಟೇಡಿಯಂ, ದಿನಕ್ಕೆ ಎರಡು ಮ್ಯಾಚ್ ಇಟ್ರೂ 120ಕ್ಕೆ 60 ದಿನ ಬೇಕು, ಮಧ್ಯೆ ಮಳೆ, ಹಬ್ಬ, ರಾಜ್ಯ ತಂಡದ ಕ್ಯಾಂಪು, ಬೇರೆ ಟೂರ್ನಮೆಂಟು ಎಲ್ಲಾ ಬರತ್ತೆ. ಅದಕ್ಕೇ ಮ್ಯಾಚ್‌ಗಳು ವಾರದ ಮಧ್ಯೆ ಮಧ್ಯಾಹ್ನ ಬಿಸಿಲಲ್ಲಿ ಬೀಳೋದು. ಶನಿವಾರ ಭಾನುವಾರಕ್ಕೇ ಕಾದು ಕೂತ್ರೆ ಸೀಸನ್ ಮುಗಿಯೋದೇ ಇಲ್ಲ.

ಕೆಳಗಿನ ಡಿವಿಷನ್‌ನಲ್ಲಿ ಟೀಮುಗಳು ಇನ್ನೂ ಜಾಸ್ತಿ ಇದ್ರೆ ಈ ಲೆಕ್ಕ ಇನ್ನೂ ಹೆದರಿಸತ್ತೆ. 30 ಟೀಮ್ ಇದ್ದು ಎಲ್ಲರೂ ಎಲ್ಲರ ಜೊತೆ ಆಡಿದ್ರೆ 435 ಮ್ಯಾಚ್ ಆಗತ್ತೆ. ಅದೇ 30ನ್ನ ಐದೈದರ ಆರು ಗುಂಪು ಮಾಡಿದ್ರೆ ಗುಂಪಿಗೆ 10ರಂತೆ ಬರೀ 60 ಮ್ಯಾಚು, ಆಮೇಲೆ ಗುಂಪಲ್ಲಿ ಗೆದ್ದವರಿಗೆ ಇನ್ನೊಂದು ಸುತ್ತು. ಎಲ್ಲೇ ಆಗ್ಲಿ ಅಮೆಚೂರ್ ಲೀಗ್‌ಗಳಲ್ಲಿ ಕೆಳಗೆ ಹೋದಷ್ಟೂ ಗುಂಪುಗಳು ಕಾಣಿಸೋದು ಇದಕ್ಕೇ. ಗುಂಪಿಂದ ಒಂದು ನಷ್ಟ ಇದೆ, ಅದನ್ನ ಹೇಳ್ಲೇಬೇಕು, ಆಡೋಕೆ ಸಿಗೋ ಮ್ಯಾಚ್ ಕಮ್ಮಿ ಆಗತ್ತೆ. ವರ್ಷಕ್ಕೆ ನಾಲ್ಕೇ ನಾಲ್ಕು ಲೀಗ್ ಮ್ಯಾಚ್ ಆಡಿದ ಹುಡುಗ ಹೇಗೆ ಬೆಳೀತಾನೆ ಹೇಳಿ.

ಪಾಯಿಂಟ್ ವಿಷಯ ಬಹಳ ಜನಕ್ಕೆ ಗೊತ್ತಿರತ್ತೆ, ಗೆದ್ರೆ ಮೂರು, ಡ್ರಾ ಆದ್ರೆ ಒಂದು, ಸೋತ್ರೆ ಸೊನ್ನೆ. ಮೊದಲು ಗೆದ್ರೆ ಎರಡೇ ಇತ್ತು. 1981ರಲ್ಲಿ ಇಂಗ್ಲೆಂಡ್ ಮೂರು ಮಾಡ್ತು, ವಿಶ್ವಕಪ್‌ನಲ್ಲಿ 1994ರಿಂದ ಮೂರು ಬಂತು. ಯಾಕೆ ಅಂದ್ರೆ, ಒಂದು ಟೀಮು ಹತ್ತೂ ಮ್ಯಾಚ್ ಡ್ರಾ ಮಾಡ್ತು, ಇನ್ನೊಂದು ಐದು ಗೆದ್ದು ಐದು ಸೋತಿತು ಅಂತಿಟ್ಕೊಳ್ಳಿ, ಹಳೇ ಲೆಕ್ಕದಲ್ಲಿ ಇಬ್ಬರಿಗೂ 10 ಪಾಯಿಂಟು. ಹೊಸ ಲೆಕ್ಕದಲ್ಲಿ ಡ್ರಾ ಮಾಡ್ಕೊಂಡು ಕೂತವರಿಗೆ 10, ಗೆಲ್ಲೋಕೆ ನುಗ್ಗಿದವರಿಗೆ 15. ಎರಡು ಟೀಮಿಗೆ ಪಾಯಿಂಟ್ ಸಮ ಆದ್ರೆ ಏನ್ಮಾಡ್ಬೇಕು ಅನ್ನೋದು ಆಯಾ ಲೀಗ್‌ನ ರೂಲ್ಸ್‌ನಲ್ಲಿ ಬರೆದಿರತ್ತೆ, ಇಂಗ್ಲಿಷ್ ಪ್ರೀಮಿಯರ್ ಲೀಗ್‌ನಲ್ಲಿ ಮೊದಲು ಗೋಲ್ ಡಿಫರೆನ್ಸ್, ಅಂದ್ರೆ ಹೊಡೆದ ಗೋಲಲ್ಲಿ ತಿಂದ ಗೋಲು ಕಳೆದು ಉಳಿದಿದ್ದು ನೋಡ್ತಾರೆ, ಇನ್ನು ಕೆಲವು ಲೀಗ್‌ಗಳಲ್ಲಿ ಆ ಎರಡು ಟೀಮು ಪರಸ್ಪರ ಆಡಿದಾಗ ಏನಾಗಿತ್ತು ಅಂತ ಮೊದಲು ನೋಡ್ತಾರೆ. ಸೀಸನ್ ಶುರು ಆಗೋಕೆ ಮುಂಚೆ ಈ ಒಂದು ಸಾಲು ಓದದೇ ಕೊನೇ ದಿನ ಕಮಿಟಿ ಜೊತೆ ಜಗಳಕ್ಕೆ ನಿಲ್ಲೋ ಮ್ಯಾನೇಜರ್‌ಗಳು ಎಲ್ಲಾ ಊರಲ್ಲೂ ಇರ್ತಾರೆ.

ಈಗ ಮುಖ್ಯ ವಿಷಯ. ಡಿವಿಷನ್ ಅಂದ್ರೆ ಬರೀ ದರ್ಜೆ ಅಲ್ಲ. ಪ್ರತಿ ಮೆಟ್ಟಿಲಿಗೂ ಎರಡು ಬಾಗಿಲು ಇರತ್ತೆ, ಮೇಲಕ್ಕೆ ಒಂದು, ಕೆಳಕ್ಕೆ ಒಂದು. ಹಾವು ಏಣಿ ಆಟ ಅಂದ್ಕೊಳ್ಳಿ, ಆದ್ರೆ ಇಲ್ಲಿ ದಾಳ ಇಲ್ಲ, ಆಡಿ ಗೆದ್ದೇ ಏಣಿ ಹತ್ತಬೇಕು. ಸೀಸನ್ ಮುಗಿದಾಗ ಎ ಡಿವಿಷನ್‌ನಲ್ಲಿ ಮೇಲಿದ್ದವರು ಸೂಪರ್‌ಗೆ ಹತ್ತುತ್ತಾರೆ, ಸೂಪರ್‌ನಲ್ಲಿ ತಳದಲ್ಲಿದ್ದವರು ಎಗೆ ಇಳೀತಾರೆ, ಹೀಗೇ ಪ್ರತಿ ಮಹಡಿಯಲ್ಲೂ. ಹತ್ತೋದು ಪ್ರಮೋಷನ್, ಇಳಿಯೋದು ರೆಲಿಗೇಷನ್. ಸಿ ಡಿವಿಷನ್‌ನಲ್ಲಿ ಹೆಸರು ಬರೆಸಿದ ಒಂದು ಟೀಮು ಪ್ರತಿ ವರ್ಷ ತಪ್ಪದೇ ಹತ್ತಿದ್ರೂ ಸೂಪರ್ ಡಿವಿಷನ್‌ನಲ್ಲಿ ಮೊದಲ ಮ್ಯಾಚ್ ಆಡೋದು ನಾಲ್ಕನೇ ಸೀಸನ್‌ನಲ್ಲಿ. ಒಂದು ವರ್ಷ ಎಡವಿದ್ರೆ ಐದು. ಅಷ್ಟು ವರ್ಷ ಹುಡುಗರನ್ನ ಹಿಡಿದಿಟ್ಕೊಂಡು, ಜರ್ಸಿ, ಬೂಟು, ಆಂಬುಲೆನ್ಸು, ನೀರಿನ ಕ್ಯಾನು ಅಂತ ಕೈಯಿಂದ ದುಡ್ಡು ಹಾಕಿ ನಡೆಸಿದ ಮನುಷ್ಯರನ್ನ ನೋಡಿದ್ರೆ ನನಗೆ ಕೈ ಮುಗಿಯೋಣ ಅನ್ಸತ್ತೆ.

ಈ ಬಾಗಿಲು ಸುಮ್ಮನೆ ಬಂದಿದ್ದಲ್ಲ. 1888ರಲ್ಲಿ ಇಂಗ್ಲೆಂಡ್‌ನಲ್ಲಿ 12 ಕ್ಲಬ್ ಸೇರಿ ಫುಟ್‌ಬಾಲ್ ಲೀಗ್ ಶುರು ಮಾಡಿದಾಗ ಒಂದೇ ಡಿವಿಷನ್ ಇದ್ದಿದ್ದು, 1892ರಲ್ಲಿ ಎರಡನೇದು ಬಂತು, ಆಗ್ಲೂ ಮೇಲಿನ ಡಿವಿಷನ್‌ನ ಕೊನೆಯವರಿಗೂ ಕೆಳಗಿನ ಡಿವಿಷನ್‌ನ ಮೊದಲಿನವರಿಗೂ ಟೆಸ್ಟ್ ಮ್ಯಾಚ್ ಅಂತ ಆಡಿಸ್ತಿದ್ರು, 1898ರ ನಂತರವೇ ಟೇಬಲ್‌ನಲ್ಲಿ ಎಲ್ಲಿ ನಿಂತಿದೀರೋ ಅದರ ಮೇಲೆ ತಾನೇ ತಾನಾಗಿ ಹತ್ತೋದು ಇಳಿಯೋದು ಬಂದಿದ್ದು. ಅದೇ 1898ರಲ್ಲಿ ಕೋಲ್ಕತ್ತಾ ಲೀಗ್ ಹುಟ್ಟಿತು, ನಮ್ಮ ದೇಶದ ಹಳೇ ಲೀಗು. ಅಲ್ಲಿ ಒಂದು ಕಾನೂನಿತ್ತು, ಫಸ್ಟ್ ಡಿವಿಷನ್‌ನಲ್ಲಿ ಭಾರತೀಯರ ಟೀಮು ಎರಡಕ್ಕಿಂತ ಜಾಸ್ತಿ ಇರೋ ಹಾಗಿಲ್ಲ. ಮೈದಾನದಲ್ಲಿ ಎಷ್ಟೇ ಗೆಲ್ಲಿ, ಬಾಗಿಲು ಮುಚ್ಚಿರತ್ತೆ. ಈಸ್ಟ್ ಬೆಂಗಾಲ್ 1924ರಲ್ಲಿ ಸೆಕೆಂಡ್ ಡಿವಿಷನ್‌ನಲ್ಲಿ ಮೊದಲ ಜಾಗಕ್ಕೆ ಬಂದ್ರೂ ಈ ಕಾನೂನೇ ಅಡ್ಡ, ಜಗಳ ಆಡಿ ಅದನ್ನ ತೆಗೆಸಿದ ಮೇಲೆ 1925ರಲ್ಲಿ ಮೇಲೆ ಹತ್ತಿದ್ದು. 1934ರಲ್ಲಿ ಮೊಹಮ್ಮಡನ್ ಸ್ಪೋರ್ಟಿಂಗ್ ಆ ಲೀಗ್ ಗೆದ್ದ ಮೊದಲ ಭಾರತೀಯ ಕ್ಲಬ್ ಆಯ್ತು, ಅದೂ ಕೆಳಗಿಂದ ಹತ್ತಿ ಬಂದ ಮೊದಲ ಸೀಸನ್‌ನಲ್ಲೇ. ಪ್ರಮೋಷನ್ ಅನ್ನೋ ಪದ ಕೇಳಿದಾಗೆಲ್ಲ ನನಗೆ ಈ ಕಥೆ ನೆನಪಾಗತ್ತೆ.

ನಮ್ಮ ಬೆಂಗಳೂರು ಟೇಬಲ್‌ಗೆ ವಾಪಸ್ ಬರೋಣ. ಅದನ್ನ ಮೊದಲ ಸಲ ನೋಡಿದವರಿಗೆ ಇದು ಫುಟ್‌ಬಾಲ್ ಟೇಬಲ್ಲೋ ಸರ್ಕಾರಿ ಆಫೀಸುಗಳ ಪಟ್ಟಿಯೋ ಅನ್ಸತ್ತೆ. ಎಂಇಜಿ ಅಂದ್ರೆ ಮದ್ರಾಸ್ ಎಂಜಿನಿಯರ್ ಗ್ರೂಪ್, ಹಲಸೂರು ಕೆರೆ ಪಕ್ಕದ ಸೇನಾ ಕೇಂದ್ರ. ಎಎಸ್‌ಸಿ ಅಂದ್ರೆ ಆರ್ಮಿ ಸರ್ವಿಸ್ ಕೋರ್. ಎಡಿಇ, ಎಲ್‌ಆರ್‌ಡಿಇ ಎರಡೂ ಡಿಆರ್‌ಡಿಓ ಲ್ಯಾಬುಗಳು, ಒಂದು ವಿಮಾನದ್ದು, ಇನ್ನೊಂದು ರಾಡಾರ್‌ದು. ಆರ್‌ಡಬ್ಲ್ಯುಎಫ್ ಅಂದ್ರೆ ಯಲಹಂಕದ ರೈಲು ಗಾಲಿ ಕಾರ್ಖಾನೆ, ಹಳಬರು ಈಗ್ಲೂ ವೀಲ್ ಅಂಡ್ ಆಕ್ಸಲ್ ಅಂತಾನೇ ಕರೀತಾರೆ. ಎಜಿಓಆರ್‌ಸಿ ಅಂದ್ರೆ ಅಕೌಂಟೆಂಟ್ ಜನರಲ್ ಆಫೀಸಿನ ರಿಕ್ರಿಯೇಷನ್ ಕ್ಲಬ್ಬು. ಇವುಗಳ ಜೊತೆ ಇನ್‌ಕಮ್ ಟ್ಯಾಕ್ಸು, ಸರ್ಕಾರದ ಕ್ರೀಡಾ ಇಲಾಖೆ ಹುಡುಗರ ಡಿವೈಇಎಸ್ಸು. ಇವನ್ನೆಲ್ಲಾ ಮೈದಾನದಲ್ಲಿ ಡಿಪಾರ್ಟ್‌ಮೆಂಟ್ ಟೀಮು ಅಂತಾರೆ.

ಇದು ಹೀಗೆ ಯಾಕೆ ಬೆಳೀತು ಅಂದ್ರೆ ಬೆಂಗಳೂರು ಬೆಳೆದಿದ್ದೇ ಹೀಗೆ. 1940ರಲ್ಲಿ ಎಚ್‌ಎಎಲ್ ಬಂತು, 1948ರಲ್ಲಿ ಐಟಿಐ, 1954ರಲ್ಲಿ ಬಿಇಎಲ್, 1964ರಲ್ಲಿ ಬೆಮೆಲ್. ಫ್ಯಾಕ್ಟರಿ ಅಂದ್ರೆ ಕ್ವಾರ್ಟರ್ಸು, ಕ್ವಾರ್ಟರ್ಸ್ ಅಂದ್ರೆ ಮೈದಾನ, ಮೈದಾನ ಅಂದ್ರೆ ಟೀಮು. ಚೆನ್ನಾಗಿ ಆಡೋ ಹುಡುಗನಿಗೆ ಸ್ಪೋರ್ಟ್ಸ್ ಕೋಟಾದಲ್ಲಿ ಕೆಲಸ, ಬೆಳಿಗ್ಗೆ ಪ್ರಾಕ್ಟೀಸು, ಸೀಸನ್‌ನಲ್ಲಿ ಶಿಫ್ಟ್‌ನಿಂದ ಬಿಡುವು, ಕಾಲು ಮುರಿದ್ರೂ ತಿಂಗಳ ಸಂಬಳ ನಿಲ್ಲಲ್ಲ, ರಿಟೈರ್ ಆದ್ಮೇಲೆ ಪೆನ್ಷನ್ನು. ಆಸ್ಟಿನ್ ಟೌನ್, ಮರ್ಫಿ ಟೌನ್, ನೀಲಸಂದ್ರ, ಹಲಸೂರಿನ ಗೌತಮಪುರ, ಇಂಥ ಕಡೆ ಎಷ್ಟೋ ಮನೆಗಳಲ್ಲಿ ಫುಟ್‌ಬಾಲ್ ಅಂದ್ರೆ ಹೊಟ್ಟೆಪಾಡಿನ ದಾರಿ ಆಗಿತ್ತು. ಗೌತಮಪುರದಲ್ಲಿ ಪೆಲೆ ಪ್ರತಿಮೆ ಇದೆ ಗೊತ್ತಾ? ಹೋಗಿ ನೋಡ್ಕೊಂಡು ಬನ್ನಿ. ಎಚ್‌ಎಎಲ್ ಟೀಮಂತೂ 2010-11 ಮತ್ತು 2011-12ರಲ್ಲಿ ಆಗ ದೇಶದ ತುದಿ ಲೀಗ್ ಆಗಿದ್ದ ಐ-ಲೀಗ್‌ನಲ್ಲೇ ಆಡಿತ್ತು, ಐಟಿಐ ಅದಕ್ಕೂ ಮುಂಚೆ ನ್ಯಾಷನಲ್ ಫುಟ್‌ಬಾಲ್ ಲೀಗ್‌ನಲ್ಲಿ ಆಡಿತ್ತು. ಕೆಲಸಕ್ಕೆ ತಗೊಳ್ಳೋದು ಕಮ್ಮಿ ಆಗ್ತಾ ಬಂದ ಹಾಗೆ ಡಿಪಾರ್ಟ್‌ಮೆಂಟ್ ಟೀಮುಗಳಲ್ಲಿ ಹೊಸ ರಕ್ತ ಬರೋದೂ ಕಮ್ಮಿ ಆಯ್ತು, ಮೂವತ್ತೈದು ದಾಟಿದ ಡಿಫೆಂಡರು ಇಪ್ಪತ್ತರ ಹುಡುಗನ ಹಿಂದೆ ಓಡೋದನ್ನ ನೋಡಿದ್ರೆ ಸಂಕಟ ಆಗತ್ತೆ, ಆದ್ರೂ ಆ ಮನುಷ್ಯ ಎಲ್ಲಿ ನಿಲ್ಬೇಕು ಅಂತ ತಿಳ್ಕೊಂಡಿರೋದನ್ನ ಯಾವ ಅಕಾಡೆಮಿನೂ ಕಲಿಸಲ್ಲ.

ಎರಡನೇ ಗುಂಪು ಏರಿಯಾ ಕ್ಲಬ್‌ಗಳು, ಸ್ಟೂಡೆಂಟ್ಸ್ ಯೂನಿಯನ್, ಜವಾಹರ್ ಯೂನಿಯನ್ ತರದವು. ಮೂರನೇದು ಹೊಸ ಕಾಲದ ಕ್ಲಬ್‌ಗಳು, ಸೌತ್ ಯುನೈಟೆಡ್, ಕಿಕ್‌ಸ್ಟಾರ್ಟ್, ಎಫ್‌ಸಿ ಬೆಂಗಳೂರು ಯುನೈಟೆಡ್, ಎಸ್‌ಸಿ ಬೆಂಗಳೂರು ಇತ್ಯಾದಿ, ಇವರಿಗೆ ಅಕಾಡೆಮಿ ಇದೆ, ಕೋಚಿಂಗ್ ಸ್ಟಾಫ್ ಇದೆ, ಸಂಬಳ ಕೊಟ್ಟು ಆಟಗಾರರನ್ನ ತರ್ತಾರೆ. ಕೊಡಗು ಎಫ್‌ಸಿ, ರಿಯಲ್ ಚಿಕ್ಕಮಗಳೂರು ಅಂತ ಬೇರೆ ಜಿಲ್ಲೆ ಹೆಸರಿನ ಟೀಮುಗಳೂ ಈ ಲೀಗ್‌ನಲ್ಲಿ ಕಾಣಿಸ್ಕೊಂಡಿವೆ. ಒಂದೇ ಡಿವಿಷನ್‌ನಲ್ಲಿ ಸೈನಿಕರು, ಗುಮಾಸ್ತರು, ಕಾಲೇಜ್ ಹುಡುಗರು, ಫುಲ್‌ಟೈಮ್ ಆಟಗಾರರು ಎಲ್ಲಾ ಎದುರುಬದುರು, ನನಗೆ ಈ ಲೀಗ್‌ನಲ್ಲಿ ಬಹಳ ಇಷ್ಟ ಆಗೋದು ಇದೇನೇ.

ಹಾಗಾದ್ರೆ ಇದು ಅಮೆಚೂರ್ ಲೀಗಾ ಪ್ರೊಫೆಷನಲ್ಲಾ ಅಂತ ಕೇಳ್ತೀರ. ಲೀಗ್‌ಗಿಂತ ಆಟಗಾರನನ್ನ ನೋಡ್ಬೇಕು. ಫಿಫಾ ನಿಯಮದಲ್ಲಿ ಇದು ತುಂಬಾ ಸರಳ: ಕ್ಲಬ್ ಜೊತೆ ಲಿಖಿತ ಕಾಂಟ್ರ್ಯಾಕ್ಟ್ ಇದ್ದು, ಆಡೋದಕ್ಕೆ ಆಗೋ ಖರ್ಚಿಗಿಂತ ಜಾಸ್ತಿ ದುಡ್ಡು ಸಿಕ್ರೆ ಅವನು ಪ್ರೊಫೆಷನಲ್, ಉಳಿದವರೆಲ್ಲಾ ಅಮೆಚೂರ್. ಎರಡೂ ಇರ್ಬೇಕು, ಪೆಟ್ರೋಲು, ಬೂಟು, ಊಟದ ದುಡ್ಡು ಕೊಟ್ಟ ಮಾತ್ರಕ್ಕೆ ಯಾರೂ ಪ್ರೊಫೆಷನಲ್ ಆಗಲ್ಲ. ಪ್ರೊಫೆಷನಲ್ ಆಗಿದ್ದವನು ಮತ್ತೆ ಅಮೆಚೂರ್ ಅಂತ ರಿಜಿಸ್ಟರ್ ಆಗ್ಬೇಕಂದ್ರೆ ಪ್ರೊಫೆಷನಲ್ ಆಗಿ ಆಡಿದ ಕೊನೇ ಮ್ಯಾಚ್‌ನಿಂದ ಕನಿಷ್ಠ 30 ದಿನ ಕಳೀಬೇಕು. ರಿಜಿಸ್ಟ್ರೇಷನ್ ಮಾತ್ರ ಎಲ್ಲರಿಗೂ ಕಡ್ಡಾಯ, ಈಗ ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್‌ನ ಆನ್‌ಲೈನ್ ಸಿಸ್ಟಮ್ ಇದೆ, ಸಿಆರ್‌ಎಸ್ ಅಂತಾರೆ, ಅದರಲ್ಲಿ ಹೆಸರು ಹತ್ತಿಸಿದ್ರೆ ಒಬ್ಬ ಹುಡುಗನ ಫುಟ್‌ಬಾಲ್ ಜಾತಕ ಅಲ್ಲಿ ಶುರುವಾದ ಹಾಗೆ. ಅದಕ್ಕೇ ಅಪ್ಪ ಅಮ್ಮಂದಿರಿಗೆ ನಾನು ಹೇಳೋದು, ಮಗ ಯಾವ ಟೀಮಿಗೆ ಸೈನ್ ಮಾಡ್ತಿದಾನೆ, ಯಾವ ಫಾರಂಗೆ ಸೈನ್ ಮಾಡ್ತಿದಾನೆ ಅಂತ ಓದಿ ನೋಡಿ. ನಮ್ಮ ಪರಿಚಯದ ಒಂದು ಹುಡುಗ ಓದದೇ ಸೈನ್ ಮಾಡಿ, ಆ ಟೀಮು ಬಿಟ್ಟೂ ಕೊಡದೆ ಆಡಿಸೂ ಆಡಿಸದೆ ಒಂದು ಇಡೀ ಸೀಸನ್ ಹೊರಗೆ ಕೂತ.

ಕೆಳಗಿನ ಡಿವಿಷನ್‌ಗಳ ಬದುಕು ಬೇರೇನೇ. ನಾನು ಕಾಲೇಜಲ್ಲಿದ್ದಾಗ ಒಂದು ಸಣ್ಣ ಟೀಮಿಗೆ ಆಡ್ತಿದ್ದೆ, ಅರ್ಧ ಜನ ಗ್ಯಾರೇಜು, ಕೊರಿಯರ್ರು, ಬಟ್ಟೆ ಅಂಗಡಿ ಅಂತ ಕೆಲಸಕ್ಕೆ ಹೋಗೋರು, ಒಂದ್ಸಲ ಮಧ್ಯಾಹ್ನದ ಮ್ಯಾಚಿಗೆ ಬರೀ ಎಂಟು ಜನ ಬಂದ್ವಿ. ಆಟದ ನಿಯಮದಲ್ಲಿ ಏಳಕ್ಕಿಂತ ಕಮ್ಮಿ ಇದ್ರೆ ಮ್ಯಾಚ್ ಶುರು ಮಾಡೋ ಹಾಗಿಲ್ಲ, ಮಧ್ಯದಲ್ಲಿ ಏಳಕ್ಕಿಂತ ಕೆಳಗೆ ಬಿದ್ರೆ ಮುಂದುವರಿಸೋ ಹಾಗೂ ಇಲ್ಲ. ಅಂದ್ರೆ ನಮಗೆ ಇದ್ದಿದ್ದು ಒಬ್ಬನ ಅಂತರ. ಒಬ್ಬನಿಗೆ ಕ್ರ್ಯಾಂಪ್ ಹಿಡಿದ್ರೆ ಪರವಾಗಿಲ್ಲ, ಇಬ್ಬರಿಗೆ ಹಿಡಿದ್ರೆ ಮುಗೀತು. ಆ ದಿನ ಎಂಟು ಜನಾನೂ ತೊಂಬತ್ತು ನಿಮಿಷ ನಿಂತ್ವಿ, ದೊಡ್ಡ ಅಂತರದಲ್ಲಿ ಸೋತ್ವಿ, ಆದ್ರೆ ವಾಕ್‌ಓವರ್ ಕೊಡ್ಲಿಲ್ಲ. ವಾಕ್‌ಓವರ್ ಅಂದ್ರೆ ಸಾಮಾನ್ಯವಾಗಿ ಎದುರಾಳಿಗೆ 3-0 ಅಂತ ಬರೀತಾರೆ, ಎಷ್ಟೋ ಲೀಗ್‌ಗಳಲ್ಲಿ ದಂಡನೂ ಇರತ್ತೆ. ಸ್ಕೋರ್ ಲೆಕ್ಕದಲ್ಲಿ ನೋಡಿದ್ರೆ ಬರದೇ ಇದ್ದಿದ್ರೇ ಗೋಲ್ ಡಿಫರೆನ್ಸ್ ಚೆನ್ನಾಗಿರ್ತಿತ್ತು, ಆದ್ರೆ ಆ ಎಂಟು ಜನಕ್ಕೆ ಆ ಮಾತು ಹೇಳೋಕಾಗಲ್ಲ.

ಇನ್ನು ಸೂಪರ್ ಡಿವಿಷನ್ ಮೇಲೆ ಏನಿದೆ? ಏಣಿ ಅಲ್ಲಿಗೆ ನಿಲ್ಲಲ್ಲ. ರಾಜ್ಯ ಲೀಗ್‌ಗಳಲ್ಲಿ ಚೆನ್ನಾಗಿ ಆಡಿದವರನ್ನ ಆಯಾ ರಾಜ್ಯ ಸಂಸ್ಥೆಗಳು ರಾಷ್ಟ್ರೀಯ ಮಟ್ಟಕ್ಕೆ ಕಳಿಸ್ತಾರೆ. 2023-24ರಲ್ಲಿ ಐ-ಲೀಗ್ 3 ಅಂತ ಹೊಸದು ಶುರು ಆಯ್ತು, ಆಗ ಅದರ ಮೇಲೆ ಐ-ಲೀಗ್ 2, ಅದರ ಮೇಲೆ ಐ-ಲೀಗ್, ತುದೀಲಿ ಇಂಡಿಯನ್ ಸೂಪರ್ ಲೀಗ್, ಅಂದ್ರೆ ಐಎಸ್‌ಎಲ್ ಇತ್ತು. ಎಸ್‌ಸಿ ಬೆಂಗಳೂರು ಆ 2023-24ರ ಒಂದೇ ಸೀಸನ್‌ನಲ್ಲಿ ಐ-ಲೀಗ್ 3ರಿಂದ 2ಕ್ಕೆ ಹತ್ತಿ, ಅಲ್ಲಿ ಚಾಂಪಿಯನ್ ಆಗಿ 2024-25ಕ್ಕೆ ಐ-ಲೀಗ್‌ಗೆ ಹೋಯ್ತು, ಗೋವಾದ ಡೆಂಪೋ ಕೂಡ ಅದೇ ಸೀಸನ್‌ನಲ್ಲಿ ಅದೇ ದಾರೀಲಿ ಜೊತೆಗೆ ಹತ್ತಿತು. ಬೆಂಗಳೂರು ಲೀಗ್‌ನಿಂದ ಹೊರಟ ಒಂದು ಟೀಮು ಒಂದೇ ವರ್ಷದಲ್ಲಿ ಎರಡು ಮಹಡಿ ಹತ್ತಿದ್ದು, ಪೇಪರ್‌ನಲ್ಲಿ ಎಷ್ಟು ಸಾಲು ಬಂತು ಅಂತ ನೆನಪು ಮಾಡ್ಕೊಳ್ಳಿ.

ಇಲ್ಲಿ ಬಿಎಫ್‌ಸಿ ವಿಷಯ ಹೇಳ್ಲೇಬೇಕು, ನಮ್ಮ ಹುಡುಗನಿಗೆ ಆಶ್ಚರ್ಯ ಆಗಿದ್ದೂ ಇಲ್ಲೇ. ಬೆಂಗಳೂರು ಎಫ್‌ಸಿ ಈ ಏಣಿ ಹತ್ತಿ ಬಂದಿದ್ದಲ್ಲ. 2013ರಲ್ಲಿ ಫೆಡರೇಷನ್ನು ಕಂಪನಿಗಳಿಂದ ಬಿಡ್ ಕರೆದಾಗ ಜೆಎಸ್‌ಡಬ್ಲ್ಯು ಗೆದ್ದು ನೇರವಾಗಿ ಐ-ಲೀಗ್‌ಗೆ ಬಂತು, ಆ ವರ್ಷ ಸೆಪ್ಟೆಂಬರ್‌ನಲ್ಲಿ ಮೋಹನ್ ಬಾಗಾನ್ ಜೊತೆ 1-1 ಡ್ರಾ ಮಾಡ್ಕೊಂಡ ಮೊದಲ ಮ್ಯಾಚು ಇದೇ ಅಶೋಕನಗರದ ಸ್ಟೇಡಿಯಂನಲ್ಲಿ, ಮೊದಲ ಸೀಸನ್‌ನಲ್ಲೇ ಚಾಂಪಿಯನ್. ಕಂಠೀರವಕ್ಕೆ ಹೋಗಿದ್ದು ಮುಂದಿನ ಸೀಸನ್‌ನಲ್ಲಿ. ಆ ಕ್ಲಬ್ಬು ಊರಿಗೆ ಮಾಡಿದ ಉಪಕಾರ ದೊಡ್ಡದು, ಫುಟ್‌ಬಾಲ್ ನೋಡೋಕೆ ಮನೆಮಂದಿಯೆಲ್ಲಾ ಟಿಕೆಟ್ ತಗೊಂಡು ಹೋಗೋದನ್ನ ಕಲಿಸಿದ್ದೇ ಅವರು, ಅದರಲ್ಲಿ ಎರಡು ಮಾತಿಲ್ಲ. ಆದ್ರೆ ಹಾಗೆ ನೇರ ಬಾಗಿಲಿಂದ ಬರೋದು ಎಲ್ಲರಿಗೂ ಆಗಲ್ಲ. ಗೌತಮಪುರದ ನಾಲ್ಕು ಜನ ಗೆಳೆಯರು ಸೇರಿ ಕಟ್ಟಿದ ಕ್ಲಬ್‌ಗೆ ಇರೋದು ಸಿ ಡಿವಿಷನ್‌ನ ಬಾಗಿಲೊಂದೇ, ಅದು ಮುಚ್ಚಿದ್ರೆ ಅವರಿಗೆ ಫುಟ್‌ಬಾಲೇ ಮುಚ್ಚಿದ ಹಾಗೆ. ಬಿಎಫ್‌ಸಿಯ ಬಿ ಟೀಮು ಮಾತ್ರ ಸೂಪರ್ ಡಿವಿಷನ್‌ನಲ್ಲಿ ಆಡತ್ತೆ, 2018-19ರಲ್ಲಿ ಲೀಗನ್ನೂ ಗೆದ್ದಿತ್ತು. ದೊಡ್ಡ ಕ್ಲಬ್‌ನ ಎರಡನೇ ಟೀಮು ಸ್ಥಳೀಯ ಲೀಗ್‌ನಲ್ಲಿ ಆಡೋದು ಸರಿನಾ ಅಂತ ಕೆಲವರು ಕೇಳ್ತಾರೆ, ನನಗೆ ಸರಿ ಅನ್ಸತ್ತೆ, ಡಿಪಾರ್ಟ್‌ಮೆಂಟ್‌ನ ಹಳೇ ಡಿಫೆಂಡರ್ ಹತ್ರ ಮೊಣಕೈ ತಿಂದ ಹುಡುಗ ಬೇಗ ಕಲೀತಾನೆ, ಡಿಪಾರ್ಟ್‌ಮೆಂಟಿನವರಿಗೂ ತಮ್ಮ ಮಟ್ಟ ಎಲ್ಲಿದೆ ಅಂತ ಗೊತ್ತಾಗತ್ತೆ.

ಈ ಮಣ್ಣಿಂದ ಏನು ಬಂದಿದೆ ಅಂತ ಯಾರಾದ್ರೂ ಕೇಳಿದ್ರೆ ಹೇಳೋಕೆ ಬೇಕಾದಷ್ಟಿದೆ. ಮುಂಬೈನ ರೋವರ್ಸ್ ಕಪ್ 1891ರಿಂದ ಬ್ರಿಟಿಷ್ ಪಲ್ಟನ್‌ಗಳ ಕೈಯಲ್ಲೇ ಇತ್ತು, ಅದನ್ನ ಮೊದಲು ಗೆದ್ದ ಭಾರತೀಯ ಕ್ಲಬ್ ಕೋಲ್ಕತ್ತಾದ್ದಲ್ಲ, ನಮ್ಮ ಬೆಂಗಳೂರು ಮುಸ್ಲಿಮ್ಸ್, 1937ರಲ್ಲಿ, ಮತ್ತೆ 1938ರಲ್ಲಿ. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ಎದುರು ಸ್ವತಂತ್ರ ಭಾರತದ ಮೊದಲ ಗೋಲ್ ಹೊಡೆದ ಸಾರಂಗಪಾಣಿ ರಾಮನ್ ಇಲ್ಲಿನವರು. ಈಸ್ಟ್ ಬೆಂಗಾಲ್‌ನ ಪಂಚಪಾಂಡವರು ಅಂತ ಹೆಸರಾದ ಫಾರ್ವರ್ಡ್ ಸಾಲಿನ ಅಹ್ಮದ್ ಖಾನ್ ಇಲ್ಲಿನವರು, ಭಾರತ ತಂಡದ ಕ್ಯಾಪ್ಟನ್ ಆಗಿದ್ದ ಕಾರ್ಲ್‌ಟನ್ ಚಾಪ್‌ಮನ್ ಇಲ್ಲಿನವರು. ಸಂತೋಷ್ ಟ್ರೋಫಿ ಅಂದ್ರೆ ರಾಜ್ಯ ರಾಜ್ಯಗಳ ಟೂರ್ನಮೆಂಟು, ಮೈಸೂರು ಅನ್ನೋ ಹೆಸರಲ್ಲಿ ನಾವು ನಾಲ್ಕು ಸಲ ಗೆದ್ದಿದ್ವಿ, ಆಮೇಲೆ 54 ವರ್ಷ ಏನೂ ಇಲ್ಲ, 2023ರ ಮಾರ್ಚ್ 4ರಂದು ಸೌದಿಯ ರಿಯಾದ್‌ನಲ್ಲಿ ಮೇಘಾಲಯವನ್ನ 3-2ರಿಂದ ಸೋಲಿಸಿ ಐದನೇದು ಬಂತು. ಸುನಿಲ್ ಕುಮಾರ್, ಬೇಕಿ ಓರಾಂ, ರಾಬಿನ್ ಯಾದವ್ ಗೋಲ್ ಹೊಡೆದಿದ್ದು, ಅದ್ರಲ್ಲೂ ರಾಬಿನ್ ಯಾದವ್‌ದು ದೂರದಿಂದ ಹೊಡೆದ ಫ್ರೀಕಿಕ್ಕು. ಆ ಟೀಮಿನ ಹುಡುಗರನ್ನ ಆರಿಸೋಕೆ ಕೋಚ್‌ಗಳು ನೋಡೋದು ಎಲ್ಲಿ ಅಂದ್ಕೊಂಡ್ರಿ, ಇದೇ ಮಧ್ಯಾಹ್ನದ ಬಿಸಿಲಿನ ಲೀಗ್ ಮ್ಯಾಚುಗಳಲ್ಲಿ.

ಹೆಣ್ಣುಮಕ್ಕಳ ಲೀಗ್ ಬಗ್ಗೆ ಬೇರೆಯಾಗೇ ಬರೀಬೇಕು, ಇಲ್ಲಿ ಒಂದೇ ಮಾತು: ಕಿಕ್‌ಸ್ಟಾರ್ಟ್‌ನ ಹುಡುಗೀರು 2022-23ರಲ್ಲಿ ಇಂಡಿಯನ್ ವಿಮೆನ್ಸ್ ಲೀಗ್‌ನ ಫೈನಲ್ ತನಕ ಹೋಗಿದ್ರು, ಗೋಕುಲಂ ಎದುರು ಸೋತ್ರು. ಅಷ್ಟು ದೂರ ಹೋದ ಊರಲ್ಲಿ ಹುಡುಗೀರಿಗೂ ಸೂಪರ್‌ನಿಂದ ಸಿ ತನಕ ಮೆಟ್ಟಿಲು ಇರ್ಬೇಕು ಅನ್ನೋದು ನನ್ನ ಆಸೆ.

ಚಿಕ್ಕಪ್ಪನ ಮಗ ಇಷ್ಟೆಲ್ಲಾ ಕೇಳಿಸ್ಕೊಂಡು "ಮತ್ತೆ ಹೋಗೋಣ್ವಾ, ಯಾವ ಮ್ಯಾಚಿಗೆ ಹೋಗ್ಬೇಕು" ಅಂದ. ಟಾಪ್ ಎರಡು ಟೀಮಿನ ಮ್ಯಾಚ್ ಬೇಡ ಅಂದೆ. ಸೀಸನ್ ಕೊನೇ ಎರಡು ವಾರದಲ್ಲಿ ಟೇಬಲ್ ತಗೊಂಡು ತಳದಿಂದ ಎಣಿಸು, ಕೊನೆಯ ನಾಲ್ಕರಲ್ಲಿ ಇಬ್ಬರು ಎದುರಾದ ದಿನ ಹೋಗೋಣ. ಗೆದ್ದೋರು ಸೂಪರ್‌ನಲ್ಲೇ ಉಳೀತಾರೆ, ಸೋತೋರು ಎಗೆ ಇಳೀತಾರೆ, ವಾಪಸ್ ಬರೋಕೆ ಎಷ್ಟು ವರ್ಷ ಬೇಕೋ ಗೊತ್ತಿಲ್ಲ. ಎಸ್‌ಸಿ ಬೆಂಗಳೂರು ಕೂಡ ಐ-ಲೀಗ್‌ನಲ್ಲಿ ಒಂದೇ ಸೀಸನ್ ಇದ್ದು 2024-25ರ ಕೊನೇಲಿ ಕೆಳಗಿಳೀತು. ಅಂಥ ಮ್ಯಾಚಲ್ಲಿ ಗ್ಯಾಲರೀಲಿ ಇನ್ನೂರು ಜನ ಇರ್ಬಹುದು, ಅದರಲ್ಲಿ ಅರ್ಧ ಆಟಗಾರರ ಮನೆಯವರು, ಉಳಿದವರು ರಿಟೈರ್ ಆದ ಹಳೇ ಪ್ಲೇಯರ್‌ಗಳು, ಪೇಪರ್ ಹಾಸ್ಕೊಂಡು ನೆರಳಿರೋ ಮೂಲೇಲಿ ಕೂತಿರ್ತಾರೆ. ಅವರ ಪಕ್ಕ ಕೂರೋಣ ಅಂದೆ. ಯಾವ ಹುಡುಗ ಯಾರ ಮಗ, ಅವರಪ್ಪ ಯಾವ ಡಿಪಾರ್ಟ್‌ಮೆಂಟ್‌ಗೆ ಎಷ್ಟು ವರ್ಷ ಆಡಿದ್ದ, ಎಲ್ಲಾ ಅವರ ಬಾಯಲ್ಲಿ ಬರತ್ತೆ.